ಹುಸಿ ಗಂಟೆ ಬೇಡ



ಭಿವಂಡಿಯಲ್ಲಿ ಮಗ್ಗಗಳ ಜೊತೆಗೆ ಇಂದು ಗೋದಾಮುಗಳ ಕಂಪ್ಯೂಟರುಗಳೂ ದುಡಿಯುತ್ತಿವೆ. ಪರದೆಯ ಮೇಲೆ ‘ಲೆಕ್ಕಪತ್ರಗಳೆಲ್ಲ ಅಳಿಯುತ್ತಿವೆ’ ಎಂದು ಹುಸಿ ವೈರಸ್ ತೋರಿಸಿ ಜೊತೆಗಾರನನ್ನು ಬೆದರಿಸುವ ತಮಾಷೆಯ ಪ್ರೋಗ್ರಾಮುಗಳುಂಟು. ಅವು ಏನನ್ನೂ ಅಳಿಸುವುದಿಲ್ಲ, ನಿಜ. ಆದರೆ ಗಿರಣಿಯಲ್ಲಿ ಬೆಂಕಿಯ ಗಂಟೆಯನ್ನು ನಗೆಗಾಗಿ ಬಾರಿಸುವವರುಂಟೇ? ನಾಲ್ಕು ಸಲ ಹುಸಿಯಾದ ಗಂಟೆಗೆ ಐದನೆಯ ಸಲ ಯಾರು ಓಡುತ್ತಾರೆ?

2017ರ ಜೂನಿನಲ್ಲಿ ‘ನಾಟ್‌ಪೆಟ್ಯಾ’ ಎಂಬ ನಿಜವಾದ ವೈರಸ್ ಬಂದಾಗ ನಮ್ಮ ನೆರೆಯ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವೇ ಕೆಟ್ಟಿತು.

ಆದುದರಿಂದ ಅಂಥ ಪರದೆ ಕಂಡರೆ ಜಾಲದ ತಂತಿ ಕಳಚಿ, ಕೂಡಲೇ ಮೇಲಿನವರಿಗೆ ತಿಳಿಸೋಣ. ತಿಳಿಸಿದವನನ್ನು ಮಾಲೀಕರು ಗದರಿಸಬಾರದು, ಅವನ ಸಂಬಳ ಹಿಡಿಯಬಾರದು. ತಮಾಷೆ ಮಾಡಿದವನಿಗೆ ಮೊದಲು ಬುದ್ಧಿ ಹೇಳಲಿ. ವಿಚಾರಣೆಯಿಲ್ಲದೆ ಯಾರನ್ನೂ ಮನೆಗೆ ಕಳಿಸದಿರಲಿ. ಇದೇ ನಮ್ಮ ಕೇಳಿಕೆ.