ಸಂದೇಹದ ಮುಂದೆ ಸುವಾರ್ತೆ

(ಸೂರಗೊಂಡನಕೊಪ್ಪದಲ್ಲಿ ಯುವಜನರೆದುರು ಆಡಿದ ಮಾತುಗಳ ಬರಹರೂಪ)



ಸಂತ ಸೇವಾಲಾಲರ ಜನ್ಮಸ್ಥಳದಲ್ಲಿ ನಿಂತು ಕ್ರೈಸ್ತ ನಂಬಿಕೆಯ ಮಾತೇಕೆ ಎಂದು ನಿಮಗನಿಸಬಹುದು. ಕಾರಣವಿದೆ. ತಾಂಡಾಗಳಲ್ಲಿ ಮತಾಂತರದ ಚರ್ಚೆ ಎದ್ದಾಗ ಎರಡೂ ಕಡೆಯವರು ಆಡುವುದು ಒಂದೇ ಮಾತು: ನಿಮ್ಮದು ಕಟ್ಟುಕತೆ, ನಮ್ಮದು ಚರಿತ್ರೆ. ಇದೇ ಮಾತು ಹಿಂದೆ ಯೂರೋಪಿನಲ್ಲಿ ಕ್ರೈಸ್ತರನ್ನೇ ಕಾಡಿತ್ತು. ಆ ಕತೆಗೂ ನಮ್ಮ ಕರಾವಳಿಗೂ ನಂಟಿದೆ.

1835ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ತರುಣ ಅಧ್ಯಾಪಕ ಡೇವಿಡ್ ಸ್ಟ್ರೌಸ್ ಯೇಸುವಿನ ಜೀವನದ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಸುವಾರ್ತೆಗಳ ಪವಾಡಗಳು ಮೋಸವೂ ಅಲ್ಲ, ನಡೆದ ಘಟನೆಗಳೂ ಅಲ್ಲ, ಭಕ್ತ ಸಮುದಾಯದ ಮನಸ್ಸಿನಲ್ಲಿ ತಾವಾಗಿಯೇ ಬೆಳೆದ ಪುರಾಣಗಳು ಎಂಬುದು ಅವರ ವಾದ. ಅವರ ಕೆಲಸ ಹೋಯಿತು. 1839ರಲ್ಲಿ ಜೂರಿಚ್ ಸರ್ಕಾರ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿದಾಗ ಜನ ರೊಚ್ಚಿಗೆದ್ದರು. ಒಂದು ಪಾಠವನ್ನೂ ಮಾಡುವ ಮೊದಲೇ ಅವರಿಗೆ ನಿವೃತ್ತಿ ವೇತನ ಕೊಟ್ಟು ಕೈತೊಳೆದುಕೊಳ್ಳಲಾಯಿತು. ಜನರ ಸಿಟ್ಟು ಅಷ್ಟಕ್ಕೂ ಇಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರವೇ ಉರುಳಿತು. ಇದನ್ನು ನಂಬಿಕೆಯ ಸಮರ್ಥನೆ ಎನ್ನಲು ನನ್ನ ಮನಸ್ಸು ಒಪ್ಪದು. ಸ್ಟ್ರೌಸ್ ಎತ್ತಿದ ಒಂದು ಪ್ರಶ್ನೆಗಾದರೂ ಗಲಭೆಯಿಂದ ಉತ್ತರ ಸಿಕ್ಕಿತೇ?

ಮಲಯಾಳಂ ನಿಘಂಟಿನಿಂದ ಹೆಸರಾದ ಹರ್ಮನ್ ಗುಂಡರ್ಟ್ ಇದೇ ಸ್ಟ್ರೌಸರ ಶಿಷ್ಯರು. ಗುರುವಿನ ವಿಚಾರಕ್ಕೆ ಮನಸೋತು, ಆಮೇಲೆ ನಂಬಿಕೆಗೆ ಮರಳಿ, 1836ರಲ್ಲಿ ಭಾರತಕ್ಕೆ ಬಂದರು. 1838ರಲ್ಲಿ ಬಾಸೆಲ್ ಮಿಷನ್ ಸೇರಿದರು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗನ್‌ನಲ್ಲೇ ಓದಿದವರು. (ನಮ್ಮ ಕಸುಬಿನ ಮೂಲಪುರುಷರು ಅವರೇ ತಾನೇ!) ಎಂದರೆ ಆಧುನಿಕ ಸಂದೇಹ ಎಂಥದೆಂಬುದು ಈ ಮಂದಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಆದರೂ ಮಿಷನ್ನಿನ ಕರಪತ್ರಗಳು ನಮ್ಮ ಪುರಾಣಗಳಿಗೆ ಹಾಕಿದ ಪ್ರಶ್ನೆಗಳನ್ನು ಬೈಬಲ್ಲಿಗೆ ಹಾಕಲಿಲ್ಲ. ಕೊಳ್ಳುವುದಕ್ಕೆ ಒಂದು ಸೇರು, ಮಾರುವುದಕ್ಕೆ ಇನ್ನೊಂದು. ಎತ್ತುಗಳ ಮೇಲೆ ದವಸ ಹೇರಿಕೊಂಡು ದೇಶ ಸುತ್ತಿದ ಬಂಜಾರರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದವರು ಇದೇ ಮೋಗ್ಲಿಂಗ್ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಒಂದೇ ಸೇರಿನಲ್ಲಿ ಅಳೆದರೆ ಕ್ರೈಸ್ತ ನಂಬಿಕೆಗೆ ಎಷ್ಟು ಆಧಾರ ಉಳಿಯುತ್ತದೆ? ವರದಿಗಾರ ಕೇಳುವುದು ಇಷ್ಟೇ: ಯಾರು ಹೇಳಿದರು, ಯಾವಾಗ ಹೇಳಿದರು, ಹೇಳಿದವರಿಗೇನು ಲಾಭ? ಪಿಲಾತನ ಅಧಿಕಾರಾವಧಿಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಕ್ರಿ.ಶ. 116ರ ಸುಮಾರಿಗೆ ಬರೆದ ರೋಮಿನ ಟ್ಯಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ತಿರಸ್ಕಾರ. ಅವನಿಗೆ ಇದರಿಂದ ಲಾಭವಿರಲಿಲ್ಲ. ಪೌಲ ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದವನು. ಶಿಲುಬೆಯ ಘಟನೆಯಾಗಿ ಸುಮಾರು 25 ವರ್ಷಕ್ಕೆ ಕೊರಿಂಥದವರಿಗೆ ಪತ್ರ ಬರೆಯುತ್ತಾ, ಎದ್ದುಬಂದ ಯೇಸುವನ್ನು ಕಂಡವರನ್ನು ಹೆಸರಿಸುತ್ತಾನೆ. ಅನೇಕರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ವಿಚಾರಿಸಿ ನೋಡಿ ಎಂದಂತಾಯಿತು.

ಸುವಾರ್ತೆಗಳಲ್ಲಿ ವ್ಯತ್ಯಾಸಗಳಿವೆ ನಿಜ. ಬರಿದಾದ ಸಮಾಧಿಗೆ ಹೋದ ಹೆಂಗಸರ ಹೆಸರುಗಳು ನಾಲ್ಕರಲ್ಲೂ ಒಂದೇ ಇಲ್ಲ. ಆದರೆ ಮೊದಲು ಹೋದವರು ಹೆಂಗಸರೇ ಎಂಬುದರಲ್ಲಿ ನಾಲ್ಕೂ ಒಂದಾಗಿವೆ. ಹೆಣ್ಣಿನ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದ ಆ ಕಾಲದಲ್ಲಿ ಸುಳ್ಳು ಕಟ್ಟುವವನು ಇಂಥ ಸಾಕ್ಷಿಗಳನ್ನು ಆರಿಸುತ್ತಿರಲಿಲ್ಲ. ನನ್ನ ಮಟ್ಟಿಗೆ ಇದು ತೂಕದ ವಾದ. ಆದರೆ ಮಾರ್ಕನ ಬರಹವನ್ನು ಎದುರಿಗಿಟ್ಟುಕೊಂಡೇ ಮತ್ತಾಯ, ಲೂಕರು ಬರೆದರೆಂಬುದು ಬಹುತೇಕ ವಿದ್ವಾಂಸರ ಮತ. ಆದ್ದರಿಂದ ನಾಲ್ವರು ಸ್ವತಂತ್ರ ಸಾಕ್ಷಿಗಳು ಎಂದು ಬೋಧಕರು ಹೇಳುವುದು ಸಲ್ಲದು. ಪುನರುತ್ಥಾನವನ್ನು ಚರಿತ್ರೆ ರುಜುವಾತು ಮಾಡಲಾರದು. ಶಿಷ್ಯರು ಅದನ್ನು ಮನಸಾರೆ ನಂಬಿದ್ದರು ಎನ್ನುವವರೆಗೆ ಅದು ನಮ್ಮನ್ನು ಕರೆತರುತ್ತದೆ. ಅಲ್ಲಿಂದಾಚೆಗೆ ಭಕ್ತನ ದಾರಿ.

ಯೇಸು ಒಂದು ಪುಸ್ತಕವನ್ನೂ ಬರೆದಿಡಲಿಲ್ಲ. ಮೊದಲ ಸುವಾರ್ತೆ ಬರಹಕ್ಕಿಳಿಯುವ ತನಕ, ಹತ್ತಿರ ಹತ್ತಿರ ನಲವತ್ತು ವರ್ಷ, ಅವನ ಮಾತುಗಳು ಉಳಿದದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ. 1739ರಲ್ಲಿ ಹುಟ್ಟಿದರೆಂದು ಸಂಪ್ರದಾಯ ಹೇಳುವ ಸೇವಾಲಾಲರ ನೆನಪೂ ಸ್ವಂತ ಲಿಪಿಯಿಲ್ಲದ ಗೋರ್ ಬೋಲಿಯ ಹಾಡುಗಳಲ್ಲಿ ಉಳಿದು ಬಂದಿದೆ. ಕಾಗದವೆಲ್ಲಿ ಎಂದು ಈ ಹಾಡುಗಳನ್ನು ಹಳಿಯುವ ಬೋಧಕ, ತನ್ನ ಸುವಾರ್ತೆಯ ಆ ನಲವತ್ತು ವರ್ಷಗಳಿಗೆ ಯಾವ ಕಾಗದ ತೋರಿಸುತ್ತಾನೆ? ಯೇಸು ಬರೀ ಕಟ್ಟುಕತೆ ಎನ್ನುವ ತಾಂಡಾದ ಹುಡುಗ, ಟ್ಯಾಸಿಟಸ್‌ನನ್ನು ಎಲ್ಲಿಡುತ್ತಾನೆ?

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.