ಕಾಣೆಯಾದ ಸೈಡಿಂಗಿನ ಜಾಡು

ಕೇಳುಗರೇ, ನಿಮ್ಮಿಂದ ಬರುವ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ಅಳಲು. “ನಮ್ಮೂರ ಗಿರಣಿಗೆ ರೈಲ್ವೆ ಸೈಡಿಂಗ್, ಅಂದರೆ ಕವಲು ಹಳಿ, ಇತ್ತಂತೆ. ಆಕಾಶದಿಂದ ತೆಗೆದ ಹಳೆಯ ಚಿತ್ರದಲ್ಲಿ ಎಷ್ಟು ಹುಡುಕಿದರೂ ಹಳಿ ಕಾಣದು. ಕಿತ್ತು ಗುಜರಿಗೆ ಹಾಕಿದ ಮೇಲೆ ಇನ್ನೇನು ಗುರುತು ಸಿಕ್ಕೀತು?”

ಹಳಿ ಇದ್ದಾಗಲೂ ಅಷ್ಟು ಎತ್ತರದಿಂದ ಕಾಣುತ್ತಿರಲಿಲ್ಲ. ಅದರ ತಲೆಯ ಅಗಲ ಏಳು ಸೆಂಟಿಮೀಟರಿನ ಆಸುಪಾಸು. ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು, ನಮ್ಮ ಕೈಗೂ ಸಿಗುತ್ತವೆ. ಅವುಗಳಲ್ಲಿ ಅತಿ ಸ್ಪಷ್ಟವಾದದ್ದೂ ಸುಮಾರು ಎರಡು ಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸದು. ಹಾಗಾಗಿ ಹಳಿಯನ್ನು ಬಿಡಿ, ತಿರುವನ್ನು ಹುಡುಕಿ.

ಎತ್ತಿನ ಗಾಡಿ ಮೂಲೆಯಲ್ಲಿ ತಿರುಗುತ್ತದೆ, ಲಾರಿಯೂ ಹಿಂದೆ ಮುಂದೆ ಮಾಡಿ ತಿರುಗುತ್ತದೆ. ರೈಲಿಗೆ ಅದು ಆಗದ ಕೆಲಸ. ನಮ್ಮ ರೈಲ್ವೆ ನಿಯಮದಲ್ಲಿ ಬ್ರಾಡ್‌ಗೇಜ್ ತಿರುವಿನ ತ್ರಿಜ್ಯ 175 ಮೀಟರಿಗಿಂತ ಕಡಿಮೆ ಇರುವಂತಿಲ್ಲ. ಮೀಟರ್‌ಗೇಜಿಗೆ 109, ನ್ಯಾರೋಗೇಜಿಗೆ 44. ಆದ್ದರಿಂದ ಸೈಡಿಂಗ್ ಮುಖ್ಯ ಹಳಿಯಿಂದ ಮೆಲ್ಲಗೆ ಅಗಲಿ, ಒಂದೇ ಸಮನಾದ ಕಮಾನಿನಲ್ಲಿ ಬಾಗಿ ಕಾರ್ಖಾನೆಯ ಗೇಟು ಸೇರುತ್ತದೆ. ಜಮೀನು ವಶವಾದದ್ದು ಆ ಕಮಾನಿನ ಪಟ್ಟಿಯಲ್ಲೇ, ಪಕ್ಕದವರು ಕಾಂಪೌಂಡ್ ಕಟ್ಟಿದ್ದೂ ಅದರ ಅಂಚಿಗೇ. ಗಿರಣಿ ಮುಚ್ಚಿತು, ಹಳಿ ಹರಾಜಾಯಿತು. ಪಕ್ಕದವರ ಗೋಡೆಯನ್ನು ಯಾರು ನೆಟ್ಟಗೆ ಮಾಡುತ್ತಾರೆ? ಬಡಾವಣೆ ಬಂದಾಗ ಅಲ್ಲಿನ ನಿವೇಶನಕ್ಕೆ ಒಂದು ಮೂಲೆ ಕೊಯ್ದುಹೋಗುತ್ತದೆ. ಜನ ಅದಕ್ಕೆ ವಾಸ್ತುದೋಷ ಎನ್ನುತ್ತಾರೆ, ಸರ್ವೆಯವನ ತಪ್ಪೆನ್ನುತ್ತಾರೆ. ನನಗೆ ತಾಳ್ಮೆ ಕೆಡುವುದು ಇಲ್ಲೇ. ಸ್ವಾಮಿ, ಅಲ್ಲಿ ವ್ಯಾಗನ್ ಓಡಿದೆ!

ಮತ್ತೊಮ್ಮೆ ಹೇಳುತ್ತೇನೆ. ಚೌಕ ಚೌಕವಾದ ಬೀದಿಗಳ ನಡುವೆ ಗೋಡೆ, ಬೇಲಿ, ಮರಗಳ ಸಾಲು ಒಂದೇ ಹದದಲ್ಲಿ ಬಾಗಿದ್ದರೆ ಆ ಬಾಗಿನ ತ್ರಿಜ್ಯ ಅಳೆದು ಆಗಲೇ ಹೇಳಿದ ಮಿತಿಗಳೊಂದಿಗೆ ಹೋಲಿಸಿ. ಕಾಲುವೆಯೂ ಬಾಗುತ್ತದಲ್ಲ ಎನ್ನಬೇಡಿ. ಅದು ನೆಲದ ಮಟ್ಟ ಹಿಡಿದು ಅಂಕುಡೊಂಕಾಗಿ ಹೋಗುತ್ತದೆ, ತಿರುವಿನ ಹದ ಗಳಿಗೆಗೊಮ್ಮೆ ಬದಲಾಗುತ್ತದೆ.

ಉಬ್ಬು ತಗ್ಗು ಓದುವಾಗ ಇನ್ನೊಂದು ಎಚ್ಚರಿಕೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಹಾಕಿದ ಹಳಿ ಇಂದಿಗೂ ಇದೆ. ಅದನ್ನು ಹಾಕಿದ್ದು ಯಾವುದಕ್ಕಾಗಿಯೋ ಆ ಕೋಲಾರದ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್., 2001ರಲ್ಲಿ ಮುಚ್ಚಿತು. ಆ ಕೆ.ಜಿ.ಎಫ್.ನ ಚಿತ್ರ ಕೊಟ್ಟರೆ ಹೊಸಬರು ಸೈನೈಡ್ ಗುಡ್ಡವನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಯನ್ನು, ಹಳ್ಳ ಎಂದುಬಿಡುತ್ತಾರೆ. ವರ್ಷದ ಹೆಚ್ಚು ಕಾಲ ನಮ್ಮಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ. ಬೆಳಕು ಮೇಲಿನಿಂದ ಬರುತ್ತದೆಂದು ನಂಬಿದ ಕಣ್ಣು, ಉತ್ತರ ಮೇಲಾಗಿ ಹಿಡಿದ ಚಿತ್ರದಲ್ಲಿ ಉಬ್ಬನ್ನು ತಗ್ಗಾಗಿ ಓದುತ್ತದೆ. ಹಳಿಯ ಏರಿ ಕೊರಕಲಿನಂತೆ ಕಾಣುತ್ತದೆ. ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿ, ಗುಡ್ಡ ಮೇಲೇಳುತ್ತದೆ.

ಸಮಯವಾಯಿತು, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಚಿತ್ರದ ದೊಡ್ಡ ಪ್ರತಿ ತೆಗೆಸಿಕೊಂಡು ಆ ಗಿರಣಿಯಲ್ಲಿ ದುಡಿದವರ ಮನೆಗೆ ಹೋಗಿ. ಹತ್ತಿ ಇಳಿಸಿದ್ದೆಲ್ಲಿ, ಕಲ್ಲಿದ್ದಲು ಸುರಿದದ್ದೆಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿ, ಅಲ್ಲೇ ಗುರುತು ಹಾಕಿಕೊಳ್ಳಿ. ಅವರಿಗೆಲ್ಲ ವಯಸ್ಸಾಗಿದೆ. ಈ ತಿಂಗಳೇ ಹೋಗಿ.