ಒಂದೇ ಕೊರಳಿನ ಬ್ಯಾಂಡ್

ಬ್ರಿಟನ್ನಿನ ರಾಕ್ ತಂಡ ‘ದ ಹೂ’ 1967ರಲ್ಲಿ ‘ದ ಹೂ ಸೆಲ್ ಔಟ್’ ಎಂಬ ಆಲ್ಬಂ ತಂದಿತು. ಸಮುದ್ರದಲ್ಲಿ ಲಂಗರು ಹಾಕಿದ ಹಡಗುಗಳಿಂದ ಹಾಡು ಬಿತ್ತರಿಸುತ್ತಿದ್ದ ಪರವಾನಗಿಯಿಲ್ಲದ ರೇಡಿಯೊಗಳನ್ನು ಅಲ್ಲಿನ ಸರಕಾರ ಕಾನೂನು ಮಾಡಿ ಹತ್ತಿಕ್ಕಿದ ವರ್ಷವದು. ಆ ರೇಡಿಯೊಗಳ ಪ್ರೀತಿಗೆ ಹಾಡುಗಳ ನಡುವೆ ಜಾಹೀರಾತು, ಜಿಂಗಲ್‌ಗಳನ್ನೂ ಪೋಣಿಸಿದ್ದರು.

ಈ ಇಡೀ ಆಲ್ಬಮ್ಮನ್ನು ಅಮೆರಿಕದ ಪೆಟ್ರಾ ಹೇಡನ್ ಮತ್ತೆ ಹಾಡಿ 2005ರಲ್ಲಿ ಹೊರತಂದರು. ಸ್ವತಃ ಪಿಟೀಲು ವಾದಕಿ, ಆದರೂ ಇಲ್ಲಿ ಒಂದು ವಾದ್ಯವನ್ನೂ ಮುಟ್ಟಲಿಲ್ಲ. ಬಾಸ್ ವಾದಕ ಮೈಕ್ ವಾಟ್ ಕೊಟ್ಟ ಎಂಟು ಟ್ರ್ಯಾಕಿನ ರೆಕಾರ್ಡರಿನಲ್ಲಿ ಒಂದು ಟ್ರ್ಯಾಕ್ ತುಂಬ ಮೂಲ ಹಾಡುಗಳಿದ್ದವು. ಉಳಿದವುಗಳಲ್ಲಿ ಪೆಟ್ರಾ ತಮ್ಮ ದನಿಯನ್ನೇ ಪದರ ಪದರವಾಗಿ ತುಂಬಿದರು. ಗಿಟಾರ್ ಅವರ ಕೊರಳೇ, ತುತ್ತೂರಿಯೂ ಕೊರಳೇ, ಜಾಹೀರಾತೂ ಅದೇ ಕೊರಳು!

‘ದ ಹೂ’ ಅಂದರೆ ವೇದಿಕೆಯ ಮೇಲೆ ಗಿಟಾರ್ ಒಡೆಯುತ್ತಿದ್ದ ತಂಡ. ಆ ಅಬ್ಬರದೊಳಗೆ ಎಷ್ಟು ಕೋಮಲವಾದ ಸ್ವರಜೋಡಣೆ ಇತ್ತೆಂಬುದು ಪೆಟ್ರಾ ಹಾಡಿದ ಮೇಲೇ ನನ್ನ ಕಿವಿಗೆ ಬಿದ್ದದ್ದು. ಎಳೆ ಎಳೆಯಾಗಿ ಕೇಳಿಸಿಕೊಳ್ಳದೆ ಹೀಗೆ ಹಾಡಲು ಯಾರಿಗೂ ಆಗದು. ಮೂಲ ಹಾಡುಗಳಲ್ಲಿ ಬಹುಪಾಲು ಬರೆದ ಪೀಟ್ ಟೌನ್ಷೆಂಡ್ ಕೂಡ ಇದನ್ನು ಮನಸಾರೆ ಮೆಚ್ಚಿಕೊಂಡರು.

ಬಿಡುವಾದಾಗ ಎರಡನ್ನೂ ಕೇಳಿ. ಮೊದಲು ‘ದ ಹೂ’, ಆಮೇಲೆ ಪೆಟ್ರಾ.